ಹೊಗೆಯೇ ಇಲ್ಲ ಅಂದ್ಮೇಲೆ ನಿಕೋಟಿನ್ ಪೌಚ್‌ಗೆ ನಿಷೇಧ ಯಾಕೆ?

ಓದುಗರ ಪ್ರಶ್ನೆ: "ಸಿಗರೇಟಿಗಿಂತ ಸ್ನೂಸ್, ನಿಕೋಟಿನ್ ಪೌಚ್‌ನಂಥವು ಎಷ್ಟೋ ವಾಸಿ ಅಂತ ಓದಿದ್ದೇನೆ. ಹಾಗಿದ್ದರೆ ಕೆಲವು ದೇಶಗಳು ಸಿಗರೇಟು ಮಾರಲು ಬಿಟ್ಟು ಇವನ್ನೇ ನಿಷೇಧಿಸಿರುವುದು ಯಾಕೆ? ಇದರಲ್ಲಿ ಏನಾದರೂ ಅರ್ಥ ಇದೆಯಾ?"

ನ್ಯಾಯವಾದ ಪ್ರಶ್ನೆ. ಸ್ನೂಸ್ ಅಂದರೆ ತುಟಿಯೊಳಗೆ ಇಟ್ಟುಕೊಳ್ಳುವ ಸ್ವೀಡನ್ನಿನ ತೇವದ ತಂಬಾಕು. ಪೌಚ್ ಅಂದರೆ ತಂಬಾಕಿನ ಎಲೆಯಿಲ್ಲದೆ ನಿಕೋಟಿನ್ ಇರುವ ಪುಟ್ಟ ಚೀಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಾ ಸಿಗರೇಟು ಸೇದುವವರು ಅದನ್ನು ಪೂರ್ತಿ ಬಿಟ್ಟು ಇವಕ್ಕೆ ಬದಲಾದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಆದರೆ ನಿಕೋಟಿನ್ನನ್ನೇ ಮುಟ್ಟದ ಹದಿನೈದರ ಹುಡುಗ ಅದೇ ಡಬ್ಬಿ ತೆರೆದರೆ, ಅವನಿಗೆ ಇಲ್ಲದ ಚಟವೊಂದು ಅಂಟಿಕೊಳ್ಳುತ್ತದೆ. ಒಂದೇ ಕಾನೂನು ಇಬ್ಬರನ್ನೂ ನೋಡಿಕೊಳ್ಳಬೇಕು. ಜಗಳ ಇರುವುದೇ ಇಲ್ಲಿ. ಸಿಗರೇಟನ್ನು ಎಲ್ಲೆಲ್ಲೂ ಮಾರಲು ಬಿಟ್ಟು ಪೌಚನ್ನು ಮಾತ್ರ ಪೂರ್ತಿ ನಿಷೇಧಿಸುವುದು ನನಗೆ ಸರಿ ಕಾಣುವುದಿಲ್ಲ. ಯಾವ ನಿಯಮವೂ ಇಲ್ಲದೆ ಸುಮ್ನೆ ಬಿಟ್ಟುಬಿಡುವುದಂತೂ ಇನ್ನೂ ಕೆಟ್ಟದ್ದು.

ಹೊಗೆಯ ವಿಷಯ ಬೇಗ ಮುಗಿಸೋಣ. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಜಾಸ್ತಿ ರಾಸಾಯನಿಕಗಳಿವೆ. ಟಾರ್, ಕಾರ್ಬನ್ ಮಾನಾಕ್ಸೈಡ್ ಎಲ್ಲವೂ ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ. ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರ್‌ನಿಂದ ಎಂದು ಬ್ರಿಟನ್ನಿನ ಸಂಶೋಧಕ ಮೈಕೆಲ್ ರಸೆಲ್ 1976ರಲ್ಲೇ ಬರೆದಿದ್ದರು. ನಿಕೋಟಿನ್ ಗಮ್ ಹುಟ್ಟಿದ್ದೂ ಇಂಥದ್ದೇ ಯೋಚನೆಯಿಂದ. 1960ರ ದಶಕದಲ್ಲಿ ಸ್ವೀಡನ್ನಿನ ಸಬ್‌ಮರೀನ್ ಸಿಬ್ಬಂದಿ, ಒಳಗೆ ಸೇದುವ ಹಾಗಿಲ್ಲದಾಗ, ಬಾಯಲ್ಲಿಡುವ ತಂಬಾಕಿನಿಂದ ಕಾಲ ತಳ್ಳುತ್ತಿದ್ದರು. ಇದನ್ನು ಗಮನಿಸಿದ ಕ್ಲಾಸ್ ಲುಂಡ್‌ಗ್ರೆನ್ ಎಂಬ ಸಂಶೋಧಕರು ಔಷಧ ಕಂಪನಿಯಲ್ಲಿದ್ದ ಓವೆ ಫೆರ್ನೋ ಅವರಿಗೆ ಪತ್ರ ಬರೆದರು. ಫೆರ್ನೋ ಗಮ್ ತಯಾರಿಸಿದರು. ಹಾಗಾಗಿ ಹೊಗೆಯನ್ನು ತೆಗೆದು ನಿಕೋಟಿನ್ ಮಾತ್ರ ಕೊಡುವುದು ಪೌಚ್ ಕಂಪನಿಗಳು ಹೊಸದಾಗಿ ಕಂಡುಹಿಡಿದ ಉಪಾಯವಲ್ಲ.

ಆದರೆ "ಹೊಗೆಯಿಲ್ಲದ್ದು" ಅಂದಾಕ್ಷಣ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಎಡವುತ್ತೇವೆ. ಹೊಗೆರಹಿತ ತಂಬಾಕು ಬಾಯಿ, ಅನ್ನನಾಳ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಎಷ್ಟು ಅಪಾಯ ಎನ್ನುವುದು ಮಾತ್ರ ತಯಾರಿಯ ಮೇಲೆ ನಿಂತಿದೆ. ತಂಬಾಕನ್ನು ಹುದುಗಿಸಿದಾಗ, ತೇವದಲ್ಲೇ ಬಹಳ ದಿನ ಇಟ್ಟಾಗ, ಅದರಲ್ಲಿರುವ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಾಯಿಸುತ್ತವೆ. ಆ ನೈಟ್ರೈಟು ನಿಕೋಟಿನ್ ಮತ್ತು ಅದರ ಬಳಗದ ವಸ್ತುಗಳ ಜೊತೆ ಸೇರಿ ನೈಟ್ರೋಸಮೈನ್‌ಗಳಾಗುತ್ತವೆ. ಕ್ಯಾನ್ಸರಿಗೆ ಮುಖ್ಯ ಕಾರಣ ಇವೇ. ಸ್ವೀಡನ್ನಿನಲ್ಲಿ ಸ್ನೂಸನ್ನು ಹುದುಗಿಸುವುದಿಲ್ಲ. ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದು, ಆಮೇಲೆ ತಣ್ಣಗಿಡುತ್ತಾರೆ. ಅದರಲ್ಲಿ ನೈಟ್ರೋಸಮೈನ್ ಬಹಳ ಕಡಿಮೆ. ಸುಡಾನಿನ ಟೂಂಬಕ್ ಅನ್ನುವ ಹುದುಗಿಸಿದ ತಂಬಾಕಿನಲ್ಲಿ ಅದು ಪ್ರಪಂಚದಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿ ಕಂಡುಬಂದಿದೆ. ಎರಡಕ್ಕೂ ಹೊಗೆ ಇಲ್ಲ. ಎರಡನ್ನೂ ಬಾಯಲ್ಲೇ ಇಡುತ್ತಾರೆ. ಆದರೂ ಒಂದರ ಅಧ್ಯಯನ ತೋರಿಸಿ ಇನ್ನೊಂದಕ್ಕೆ ಸರ್ಟಿಫಿಕೇಟ್ ಕೊಡುವ ಹಾಗಿಲ್ಲ.

ನಿಕೋಟಿನ್ ಪೌಚ್ ಮೂರನೇ ಜಾತಿ. ಇದರಲ್ಲಿ ಎಲೆಯೇ ಇಲ್ಲ. ಬಿಳಿ ನಾರಿನ ಪುಡಿ, ನಿಕೋಟಿನ್, ಪರಿಮಳ, ಸಿಹಿ, ಜೊತೆಗೆ ಸ್ವಲ್ಪ ಕಾರ್ಬೊನೇಟ್. ತುಟಿ ಮತ್ತು ಒಸಡಿನ ನಡುವೆ ಇಟ್ಟುಕೊಂಡರೆ ಆಯಿತು. ಉಗುಳುವ ಗೋಜಿಲ್ಲ. ಎಲೆಯಿಲ್ಲದ ಕಾರಣ ನೈಟ್ರೋಸಮೈನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಆ ಕಾರ್ಬೊನೇಟ್ ಯಾಕೆ ಗೊತ್ತಾ? ಬಾಯೊಳಗೆ ಕ್ಷಾರ ಹೆಚ್ಚಾದಷ್ಟೂ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ. ತಂಬಾಕಿಗೆ ಸುಣ್ಣ ಸೇರಿಸಿ ಉಜ್ಜಿದಾಗ ಆಗುವುದೂ ಇದೇ. ಡಬ್ಬಿಯ ಮೇಲೆ ಎರಡಕ್ಕೂ "6 ಮಿಲಿಗ್ರಾಂ" ಅಂತಲೇ ಬರೆದಿರಬಹುದು, ಆದರೆ ಕ್ಷಾರದ ಮಟ್ಟ ಬೇರೆಯಾಗಿದ್ದರೆ ಒಂದು ಮೆಲ್ಲಗೆ ಏರುತ್ತದೆ, ಇನ್ನೊಂದು ತಲೆ ತಿರುಗಿಸುತ್ತದೆ. ಹಾಗಾಗಿ ಮಿಲಿಗ್ರಾಂಗೆ ಮಾತ್ರ ಮಿತಿ ಹಾಕಿ ಪಿಎಚ್, ಅಂದರೆ ಕ್ಷಾರದ ಅಳತೆ, ಮರೆತರೆ ಅದು ಅರ್ಧ ನಿಯಮ. ಈ ಚರ್ಚೆಯಲ್ಲಿ ಯಾರೂ ಜಾಸ್ತಿ ಮಾತಾಡದ ವಿಷಯ ಇದು. ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ಈಗ ಕಾನೂನಿಗೆ ಬರೋಣ. ಯುರೋಪಿಯನ್ ಒಕ್ಕೂಟ 1992ರಲ್ಲಿ ಸ್ನೂಸ್‌ನಂಥ ಬಾಯಿತಂಬಾಕಿನ ಮಾರಾಟ ನಿಷೇಧಿಸಿತು. 1995ರಲ್ಲಿ ಒಕ್ಕೂಟ ಸೇರಿದ ಸ್ವೀಡನ್ ಮಾತ್ರ ವಿನಾಯಿತಿ ಪಡೆಯಿತು. ಒಕ್ಕೂಟದ ನ್ಯಾಯಾಲಯ 2004ರಲ್ಲಿ, ಮತ್ತೆ 2018ರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಈಚಿನ ವರ್ಷಗಳಲ್ಲಿ ಸ್ವೀಡನ್ನಿನಲ್ಲಿ ದಿನಾ ಸೇದುವವರ ಸಂಖ್ಯೆ ಶೇ 5–6ರ ಆಸುಪಾಸಿಗೆ ಇಳಿಯಿತು. ಅಲ್ಲಿನ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಯುರೋಪಿನಲ್ಲೇ ಬಹಳ ಕಡಿಮೆ. ಇದೆಲ್ಲ ಸ್ನೂಸ್ ಒಂದರಿಂದಲೇ ಆಯಿತು ಅನ್ನಲಾಗದು, ಅಲ್ಲಿ ಸಿಗರೇಟಿನ ಮೇಲೆ ಕಟ್ಟುನಿಟ್ಟೂ ಇದೆ. ಆದರೂ ಈ ಅಂಕಿಯನ್ನು ಕಂಡೂ ಕಾಣದ ಹಾಗೆ ಇರುವುದು ಕಷ್ಟ. 2024ರ ನವೆಂಬರಿನಲ್ಲಿ ಸ್ವೀಡನ್ ಸ್ನೂಸ್ ತೆರಿಗೆ ಇಳಿಸಿ ಸಿಗರೇಟಿನ ತೆರಿಗೆ ಏರಿಸಿತು. ಅಪಾಯ ನೋಡಿ ತೆರಿಗೆ ಹಾಕುವುದು ಅಂದರೆ ಹೀಗೆ.

ಪಕ್ಕದ ನಾರ್ವೆ ಇನ್ನೊಂದು ಮುಖ ತೋರಿಸುತ್ತದೆ. ಅಲ್ಲಿನ ಯುವಜನರಲ್ಲಿ ಸಿಗರೇಟು ಬಹುಮಟ್ಟಿಗೆ ಮಾಯವಾಗಿದೆ. ಅದೇ ಹೊತ್ತಿಗೆ ಸ್ನೂಸ್ ಹುಡುಗ ಹುಡುಗಿಯರಿಬ್ಬರಲ್ಲೂ ಏರಿತು. ಅವರೆಲ್ಲ ಸ್ನೂಸ್ ಇಲ್ಲದಿದ್ದರೆ ಸಿಗರೇಟು ಹಿಡಿಯುತ್ತಿದ್ದರಾ, ಇಲ್ಲ ಏನೂ ಮುಟ್ಟುತ್ತಿರಲಿಲ್ಲವಾ? ಎರಡೂ ಪಾಳಯದವರು ಇದೇ ಅಂಕಿಗಳನ್ನು ಹಿಡಿದು ವಾದಿಸುತ್ತಾರೆ.

ಪೌಚ್ ಬಂದ ಮೇಲೆ ಗೊಂದಲ ಹೆಚ್ಚಾಯಿತು. ತಂಬಾಕು ಇಲ್ಲದ್ದರಿಂದ ತಂಬಾಕು ಕಾಯ್ದೆಗೆ ಸಿಗಲಿಲ್ಲ. ಆವಿ ಬರದ್ದರಿಂದ ಇ-ಸಿಗರೇಟಿನ ನಿಯಮಕ್ಕೂ ಸಿಗಲಿಲ್ಲ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಇದನ್ನು ಮಕ್ಕಳಿಗೆ ಮಾರುವುದಕ್ಕೂ ಕಾನೂನಿನ ಅಡ್ಡಿ ಇರಲಿಲ್ಲ. ಬೆಲ್ಜಿಯಂ 2023ರಲ್ಲಿ ನಿಷೇಧಿಸಿತು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ 'ಝಿನ್' ಹೆಸರಿನ 20 ಬಗೆಯ ಪೌಚ್‌ಗಳ ಮಾರಾಟಕ್ಕೆ ಅನುಮತಿ ಕೊಟ್ಟಿತು. ಅನುಮತಿ ಅಂದರೆ ಸುರಕ್ಷಿತ ಅಂತಲ್ಲ ಎಂದು ಅದೇ ಸಂಸ್ಥೆ ಹೇಳಿದೆ. ಈ ಮಾತನ್ನು ಜಾಹೀರಾತುಗಳು ನೆನಪಿಸುವುದಿಲ್ಲ.

"ಸಿಗರೇಟಿಗೆ ಬದಲು" ಎನ್ನುವ ವಾದ ಎಲ್ಲ ದೇಶಕ್ಕೂ ಒಂದೇ ರೀತಿ ಹೊಂದುವುದಿಲ್ಲ. ಭಾರತದ 2016–17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸೇದುವವರು ಶೇ 10.7, ಹೊಗೆರಹಿತ ತಂಬಾಕು ಬಳಸುವವರು ಶೇ 21.4. ಹೀಗಿರುವಲ್ಲಿ ಸ್ವೀಡನ್ ಮಾದರಿ ತರೋಣ ಅನ್ನುವುದಕ್ಕೆ ಅರ್ಥವಿಲ್ಲ, ಅಲ್ವಾ? ಭಾರತದ 2011ರ ಆಹಾರ ಸುರಕ್ಷತಾ ನಿಯಮ, ಆಹಾರದಲ್ಲಿ ತಂಬಾಕು, ನಿಕೋಟಿನ್ ಸೇರಿಸಬಾರದು ಅಂದಿತು. ಅದರ ಆಧಾರದ ಮೇಲೆ ರಾಜ್ಯಗಳು ಗುಟ್ಕಾ ನಿಷೇಧಿಸಿದವು. ತಯಾರಕರು ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಜೊತೆಜೊತೆಗೆ ಮಾರತೊಡಗಿದರು. ಕೊಂಡವರು ಬೆರೆಸಿಕೊಂಡರು. ವಸ್ತುವಿನ ಹೆಸರು ಹಿಡಿದು ಬರೆದ ನಿಯಮ ಹೀಗೇ ಸೋರುತ್ತದೆ.

ಆರೋಗ್ಯ ಇಲಾಖೆಗಳು ಪೌಚ್ ವಿಷಯದಲ್ಲಿ ಇಷ್ಟು ಅನುಮಾನಪಡುವುದಕ್ಕೆ ಹಳೆಯ ಕಾರಣವೂ ಇದೆ. ಹಿಂದೆ "ಲೈಟ್" ಸಿಗರೇಟುಗಳನ್ನು ಕಡಿಮೆ ಹಾನಿಯವು ಎನ್ನುವ ಹಾಗೆ ಮಾರಿದರು. ಜನ ಅವನ್ನು ಇನ್ನೂ ಆಳವಾಗಿ ಎಳೆದರು, ಹಾನಿ ಕಡಿಮೆಯಾಗಲಿಲ್ಲ. ಇವತ್ತಿನ ದೊಡ್ಡ ಪೌಚ್ ಬ್ರ್ಯಾಂಡುಗಳೂ ಸಿಗರೇಟು ಕಂಪನಿಗಳ ಕೈಯಲ್ಲೇ ಇವೆ. ಝಿನ್ ತಯಾರಿಸುವ ಸ್ವೀಡಿಷ್ ಮ್ಯಾಚನ್ನು ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್ 2022ರಲ್ಲಿ ಕೊಂಡುಕೊಂಡಿತು. ಸೇದುವವರನ್ನು ಬಿಡಿಸುವುದಷ್ಟೇ ಗುರಿಯಾಗಿದ್ದರೆ ಮಿಠಾಯಿಯಂಥ ಪರಿಮಳ, ಇನ್‌ಸ್ಟಾಗ್ರಾಂ ಹುಡುಗರ ಪ್ರಚಾರ ಇಷ್ಟೊಂದು ಬೇಕಿತ್ತಾ?

ನನ್ನ ಕೈಗೆ ನಿಯಮ ಬರೆಯಲು ಕೊಟ್ಟರೆ ವಸ್ತುವಿನ ಹೆಸರು ಬಿಟ್ಟು ಒಳಗಿರುವುದನ್ನು ಅಳೆಯುತ್ತಿದ್ದೆ. ಎಲೆ ಇರಲಿ, ಇಲ್ಲದಿರಲಿ, ನಿಕೋಟಿನ್ ಇದ್ದರೆ ಒಂದೇ ಕಾಯ್ದೆ. ನಿಕೋಟಿನ್, ಪಿಎಚ್, ನೈಟ್ರೋಸಮೈನ್ ಮೂರಕ್ಕೂ ಮಿತಿ. ಮಕ್ಕಳಿಗೆ ಮಾರಾಟವಿಲ್ಲ, ಜಾಹೀರಾತಿಲ್ಲ. ಅತಿ ಹೆಚ್ಚು ತೆರಿಗೆ, ಅತಿ ಹೆಚ್ಚು ಬಿಗಿ ಸಿಗರೇಟಿನ ಮೇಲೆ, ಯಾಕೆಂದರೆ ಅತಿ ಹೆಚ್ಚು ಸಾಯಿಸುವುದು ಅದೇ. ನೈಟ್ರೋಸಮೈನ್ ತುಂಬಿದ ಹುದುಗಿಸಿದ ತಂಬಾಕಿಗೂ ನಾನು ಕರುಣೆ ತೋರಿಸುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ "ನಾನು ಸೇದುತ್ತೇನೆ, ಏನು ಮಾಡಲಿ?" ಎನ್ನುವವರಿಗೆ ಒಂದು ಮಾತು. ಬಿಡಲು ಮೊದಲ ದಾರಿ ಗಮ್, ಪ್ಯಾಚ್ ಮತ್ತು ವೈದ್ಯರ ಸಲಹೆ. ಅವುಗಳ ಪ್ರಮಾಣ ಗೊತ್ತಿದೆ, ದಶಕಗಳ ಅನುಭವ ಇದೆ. ಪೌಚ್‌ಗೆ ಅಷ್ಟು ವಯಸ್ಸೇ ಆಗಿಲ್ಲ. ಪೌಚ್‌ಗೇ ಬದಲಾಗುತ್ತೀರಿ ಅಂದರೆ ಪೂರ್ತಿ ಬದಲಾಗಿ. ಮನೆಯಲ್ಲಿ ಪೌಚ್, ಹೊರಗೆ ಸಿಗರೇಟು ಅಂತ ಎರಡನ್ನೂ ಇಟ್ಟುಕೊಂಡರೆ ಲಾಭ ಹೆಚ್ಚು ಕಮ್ಮಿ ಸೊನ್ನೆ. ಗರ್ಭಿಣಿಯರು ತಾವಾಗಿ ಯಾವ ನಿಕೋಟಿನ್ ವಸ್ತುವನ್ನೂ ಆರಿಸಿಕೊಳ್ಳಬಾರದು. ಸ್ನೂಸ್ ಬಳಸಿದವರಲ್ಲಿ ಅವಧಿಗೆ ಮುಂಚಿನ ಹೆರಿಗೆ, ಹೊಟ್ಟೆಯಲ್ಲೇ ಮಗು ಸಾಯುವ ಅಪಾಯ ಹೆಚ್ಚು ಎಂದು ಸ್ವೀಡನ್ನಿನ ಅಧ್ಯಯನಗಳೇ ತೋರಿಸಿವೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಳಸಿ ತೆಗೆದ ಪೌಚನ್ನೂ ಅವರ ಕೈಗೆ ಸಿಗದಂತೆ ಬಿಸಾಡಿ. ಅದರಲ್ಲಿ ಇನ್ನೂ ಸಾಕಷ್ಟು ನಿಕೋಟಿನ್ ಉಳಿದಿರುತ್ತದೆ. ಮಗು ನುಂಗಿದೆ ಅನ್ನಿಸಿದರೆ ವಾಂತಿಯಾಗಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.