ವೋಕೋಡರಿನ ನಡುವಿನ ತಂತಿಗಳು

ಮಾತಿನಲ್ಲಿ ಗಂಟಲು ನಾದವನ್ನು ಹುಟ್ಟಿಸುತ್ತದೆ, ನಾಲಿಗೆ ಮತ್ತು ತುಟಿಗಳು ಅದಕ್ಕೆ ಅಕ್ಷರದ ರೂಪ ಕೊಡುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ಅವರು ಈ ಎರಡನ್ನೂ ಬೇರ್ಪಡಿಸುವ ವೋಕೋಡರ್ ಎಂಬ ಉಪಕರಣವನ್ನು ರೂಪಿಸಿದ್ದು ದೂರವಾಣಿ ತಂತಿಯಲ್ಲಿ ಮಾತನ್ನು ಅಡಕವಾಗಿ ಸಾಗಿಸುವುದಕ್ಕೆ. ಬಾಯಿಯ ಚಲನೆ ನಾದದ ಕಂಪನಕ್ಕಿಂತ ಬಹಳ ನಿಧಾನವಾದದ್ದರಿಂದ, ಸುಮಾರು 25 ಹರ್ಟ್ಸ್‌ಗಿಂತ ಕೆಳಗಿನ ಏರಿಳಿತಗಳನ್ನಷ್ಟೇ ಉಳಿಸಿಕೊಂಡರೂ ಮಾತು ಅರ್ಥವಾಗುತ್ತದೆ ಎಂಬುದು ಅವರ ವಿನ್ಯಾಸದ ಜೀವಾಳ.

ವೋಕೋಡರಿನ ಮೊದಲ ಭಾಗವು ಧ್ವನಿಯನ್ನು ಫಿಲ್ಟರುಗಳ ಮೂಲಕ ಹಲವು ಕಂಪನಾಂಕ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯ ಬಲವನ್ನು ಒಂದೊಂದು ವೋಲ್ಟೇಜ್ ಆಗಿ ಅಳೆಯುತ್ತದೆ. ಎರಡನೆಯ ಭಾಗವು ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ನಾದವನ್ನೂ ಹಾಗೆಯೇ ವಿಂಗಡಿಸಿ, ಆ ವೋಲ್ಟೇಜುಗಳಿಗೆ ತಕ್ಕಂತೆ ಪ್ರತಿ ಪಟ್ಟಿಯನ್ನು ಏರಿಸಿ ಇಳಿಸುತ್ತದೆ. ಜರ್ಮನಿಯ ಡೋಪ್ಫರ್ ಕಂಪನಿಯ ಎ-129 ಸರಣಿಯಲ್ಲಿ ಈ ಎರಡೂ ಭಾಗಗಳು ಕೇಬಲುಗಳಿಂದ ಜೋಡಿಸುವ ಬೇರೆ ಬೇರೆ ಮಾಡ್ಯೂಲುಗಳಾಗಿ, ಅಂದರೆ ಬಿಡಿ ಘಟಕಗಳಾಗಿದ್ದು, ನಡುವಿನ 15 ವೋಲ್ಟೇಜುಗಳೂ ನಮ್ಮ ಕೈಗೆ ಸಿಗುತ್ತವೆ. ವೋಕೋಡರಿನ ನಿಜವಾದ ಸಂಗೀತ ಇರುವುದು ಈ ನಡುವಿನ ತಂತಿಗಳಲ್ಲಿ ಎಂದೇ ನನ್ನ ನಂಬಿಕೆ.

ಕೇಬಲುಗಳನ್ನು ತಲೆಕೆಳಗು ಮಾಡಿ, ಅತಿ ಕೆಳಗಿನ ಪಟ್ಟಿಯ ವೋಲ್ಟೇಜನ್ನು ಅತಿ ಮೇಲಿನದಕ್ಕೆ, ಎರಡನೆಯದನ್ನು ಅದರ ಕೆಳಗಿನದಕ್ಕೆ, ಹೀಗೆ ಕೊನೆಯವರೆಗೂ ಜೋಡಿಸಿ ನೋಡಬೇಕು. ‘ಊ’ ಎಂದಾಗ ಗಂಡು ಧ್ವನಿಯಲ್ಲಿ ಮುಖ್ಯ ಅನುರಣನಗಳು ಸುಮಾರು 300 ಮತ್ತು 870 ಹರ್ಟ್ಸ್ ಬಳಿ, ಅಂದರೆ ಕೆಳಗೇ ಇರುತ್ತವೆ. ತಿರುವಿದ ಜೋಡಣೆಯಲ್ಲಿ ಅದೇ ‘ಊ’ ಮೇಲಿನ ಪಟ್ಟಿಗಳನ್ನು ತೆರೆದು, ಹರಿತವಾದ ಸದ್ದಾಗಿ ಹೊರಬರುತ್ತದೆ. ಮಾತಿನ ಲಯ ಹಾಗೆಯೇ ಉಳಿಯುತ್ತದೆ, ಆದರೆ ಅಕ್ಷರಗಳು ಯಾವುದೋ ಅಪರಿಚಿತ ಬಾಯಿಯವಾಗುತ್ತವೆ. ಎಲ್ಲ ಕೇಬಲುಗಳನ್ನೂ ಒಂದೊಂದು ಸ್ಥಾನ ಮೇಲಕ್ಕೆ ಸರಿಸಿದರೂ ಸಾಕು, ಮಾತಾಡುವವರ ಶರೀರವೇ ಚಿಕ್ಕದಾದಂತೆ ಕೇಳಿಸುತ್ತದೆ.

ವೋಲ್ಟೇಜುಗಳು ಬದಲಾಗುವ ವೇಗವನ್ನು ಸ್ಲ್ಯೂ ಲಿಮಿಟರ್ ಎಂಬ ಮಾಡ್ಯೂಲಿನಿಂದ ತಗ್ಗಿಸಿದರೆ ಮೊದಲು ‘ಕ’, ‘ಟ’, ‘ಪ’ಗಳಂಥ ವ್ಯಂಜನಗಳು ಕರಗುತ್ತವೆ, ಸ್ವರಗಳು ಒಂದರೊಳಗೊಂದು ಬೆರೆಯುತ್ತವೆ. ಒಂದು ಕ್ಷಣದ ವೋಲ್ಟೇಜನ್ನು ಹಿಡಿದಿಡುವ ಸ್ಯಾಂಪಲ್ ಅಂಡ್ ಹೋಲ್ಡ್ ಬಳಸಿ ಎಲ್ಲ ಪಟ್ಟಿಗಳನ್ನೂ ಒಮ್ಮೆಗೇ ಹಿಡಿದು ನಿಲ್ಲಿಸಿದರೆ ಒಂದೇ ಸ್ವರಾಕ್ಷರ ಬೇಕಾದಷ್ಟು ಹೊತ್ತು ನಿಲ್ಲುತ್ತದೆ, ಅದರ ಮೇಲೆ ಶ್ರುತಿಯನ್ನು ಬದಲಿಸುತ್ತಾ ನುಡಿಸಬಹುದು. ಮಾತಿನ ಜಾಗದಲ್ಲಿ ಮೃದಂಗವನ್ನು ಕೊಟ್ಟರೆ ಎಡಗಡೆಯ ಗುಂಕಾರ ಕೆಳಪಟ್ಟಿಗಳನ್ನೂ, ಬಲಗಡೆಯ ಮೊನಚಾದ ಪೆಟ್ಟು ಮೇಲಿನವನ್ನೂ ತೆರೆಯುತ್ತದೆ. ಆದರೆ ತೆರೆಯುವ ಪಟ್ಟಿಯಲ್ಲಿ ನಾದವೇ ಇಲ್ಲದಿದ್ದರೆ ಏನೂ ಕೇಳಿಸದು. ಒಂದೇ ಕಂಪನಾಂಕದ ಸೈನ್ ಅಲೆ ಇಲ್ಲಿ ನಿಷ್ಪ್ರಯೋಜಕ, ಉಪಸ್ವರಗಳು ತುಂಬಿದ ಸಾಟೂತ್ ಅಲೆಯೋ ತಂಬೂರಿಯೋ ಬೇಕು.

‘ಸ’, ‘ಶ’ಗಳಿಗೆ ಗಂಟಲಿನ ಕಂಪನವಿಲ್ಲ. ಅವುಗಳನ್ನು ಗುರುತಿಸುವ ಮಾಡ್ಯೂಲೊಂದು ಅಂಥ ಕ್ಷಣಗಳಲ್ಲಿ ನಾದದ ಬದಲು ನಾಯ್ಸ್, ಅಂದರೆ ಶ್ರುತಿಯಿಲ್ಲದ ಸುಯ್ಯೆನ್ನುವ ಸದ್ದನ್ನು ಒದಗಿಸುವುದರಿಂದ ಮಾತು ಸ್ಪಷ್ಟವಾಗುತ್ತದೆ. ಆ ಮಾಡ್ಯೂಲು ಕೊಡುವ ಸಂಕೇತವನ್ನು, ಸ್ವರಗಳನ್ನು ಒಂದೊಂದಾಗಿ ನುಡಿಸುವ ಸೀಕ್ವೆನ್ಸರಿಗೆ ಕೊಟ್ಟರೆ ಪ್ರತಿ ‘ಸ’ಕಾರಕ್ಕೂ ರಾಗದ ಮುಂದಿನ ಸ್ವರ ಬರುತ್ತದೆ, ಓದುವ ಪದ್ಯವೇ ತನ್ನ ಸಂಗೀತವನ್ನು ನಡೆಸುತ್ತದೆ.