ಶಿಬಿರದ ದಟ್ಟಣೆ ನಿವಾರಣೆ

ಯುದ್ಧ, ಬರ, ನೆರೆಗೆ ಸಿಕ್ಕಿ ಊರು ಬಿಟ್ಟವರು ಖಾಲಿ ಕಂಡ ಜಾಗದಲ್ಲಿ ತಾವೇ ಗುಡಾರ ಹಾಕಿಕೊಂಡಾಗ ಅನೌಪಚಾರಿಕ ಶಿಬಿರ ಹುಟ್ಟುತ್ತದೆ. ಅದಕ್ಕೆ ನಕ್ಷೆ ಇರುವುದಿಲ್ಲ. ಮೊದಲು ಬಂದವರು ಬಿಟ್ಟ ಓಣಿಯಲ್ಲೇ ನಂತರ ಬಂದವರು ನೆಲೆ ನಿಲ್ಲುತ್ತಾರೆ. ಅಂಥ ಕಡೆ ಉಸಿರಾಡಲು ಜಾಗ ಬಿಡಿಸಿ, ದಾರಿ, ಚರಂಡಿ, ನೀರು, ಶೌಚಾಲಯಗಳನ್ನು ಹೊಸದಾಗಿ ಹೊಂದಿಸುವುದೇ ದಟ್ಟಣೆ ನಿವಾರಣೆ. ಜನರನ್ನು ಲಾರಿ ಹತ್ತಿಸಿ ದೂರ ಸಾಗಿಸುವುದಕ್ಕೂ ಕೆಲವು ಆಡಳಿತಗಳು ಇದೇ ಹೆಸರು ಕೊಡುತ್ತವೆ. ಅದನ್ನು ಒಪ್ಪಲಾಗದು.

ಅಳತೆಗೆ ನೆರವು ಸಂಸ್ಥೆಗಳು ಸ್ಫಿಯರ್ ಕೈಪಿಡಿಯನ್ನು, ಅಂದರೆ ಸಂತ್ರಸ್ತರ ನೆರವಿಗೆ ಕನಿಷ್ಠ ಮಾನದಂಡ ಹೇಳುವ ಅಂತರರಾಷ್ಟ್ರೀಯ ಪುಸ್ತಕವನ್ನು, ನೋಡುತ್ತವೆ. ಅಡುಗೆ, ಸ್ನಾನದ ಜಾಗ ಬಿಟ್ಟು ತಲೆಗೆ ಕನಿಷ್ಠ 3.5 ಚದರ ಮೀಟರ್ ಸೂರು ಬೇಕು. ರಸ್ತೆ, ಶಾಲೆ, ಚಿಕಿತ್ಸಾ ಕೇಂದ್ರಗಳನ್ನೂ ಸೇರಿಸಿದರೆ ಶಿಬಿರಕ್ಕೆ ತಲಾ 45 ಚದರ ಮೀಟರ್ ಬೇಕು. ಸೂರು ಕೊಟ್ಟಾಯಿತು ಎಂದು ಮೊದಲ ಅಂಕಿಯಲ್ಲೇ ತೃಪ್ತರಾಗುವವರು ಬಹಳ. ಆದರೆ ಪ್ರಾಣ ಉಳಿಸುವುದು ಗುಡಾರಗಳ ನಡುವಿನ ಜಾಗ.

ಬೆಂಕಿ ಬಿದ್ದಾಗ ಅದು ಗೊತ್ತಾಗುತ್ತದೆ. 2021ರ ಮಾರ್ಚ್ 22ರಂದು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ರೋಹಿಂಗ್ಯಾ ಶಿಬಿರಗಳಿಗೆ ಬೆಂಕಿ ಹತ್ತಿ, ಬಿದಿರು, ತಾಡಪಾಲಿನ ಮನೆಗಳು ಸಾಲುಸಾಲಾಗಿ ಉರಿದವು. ಸುಮಾರು 45,000 ಜನ ಮತ್ತೆ ನೆಲೆ ಕಳೆದುಕೊಂಡರು. ಮುಳ್ಳುತಂತಿ ಬೇಲಿ ಓಡಿ ಪಾರಾಗಲು ಅಡ್ಡಿಯಾಯಿತೆಂದು ಬದುಕುಳಿದವರು ಹೇಳಿದರು. ಕಟ್ಟಡಗಳ ಸಾಲು 300 ಮೀಟರ್ ಮುಂದುವರಿದರೆ 30 ಮೀಟರ್ ಅಗಲದ ಬಯಲು ಬಿಡಬೇಕು, ಎರಡು ಮನೆಗಳ ನಡುವೆ ಕನಿಷ್ಠ 2 ಮೀಟರ್ ಅಂತರವಿರಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ.

ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ. ನೆಲದ ಮೇಲೆ ಅಕ್ಕಪಕ್ಕದ ಎರಡು ಗುಡಾರಗಳ ಹಗ್ಗ ಒಂದೇ ಗೂಟಕ್ಕೆ ಬಿಗಿದಿರುತ್ತದೆ. ಒಂದನ್ನು ಸರಿಸಲು ಎರಡನ್ನೂ ಬಿಚ್ಚಬೇಕು. ಹಾಗಾಗಿ ಅನುಭವಸ್ಥರು ಒಂದೊಂದೇ ಗುಂಪನ್ನು ಕೈಗೆತ್ತಿಕೊಳ್ಳುತ್ತಾರೆ. ಹತ್ತಿರದಲ್ಲೇ ಖಾಲಿ ತುಂಡು ನೆಲ ಹುಡುಕಿ, ಒಪ್ಪಿದ ಕುಟುಂಬಗಳನ್ನು ನೆರೆಹೊರೆ ಒಡೆಯದಂತೆ ಅಲ್ಲಿಗೆ ಸರಿಸಿ, ತೆರವಾದ ಜಾಗದಲ್ಲಿ ದಾರಿ ಬಿಡುತ್ತಾರೆ. ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿ ಎಲ್ಲಿರಬೇಕೆಂದು ಹೆಂಗಸರನ್ನು ಕೇಳದೆ ಹಾಕಿದ ನಕ್ಷೆ ನನ್ನ ಪ್ರಕಾರ ಅರ್ಧ ನಕ್ಷೆ.

ಇಷ್ಟೆಲ್ಲ ಮಾಡಿದ ಮೇಲೂ ನೆಲದ ಮಾಲೀಕ ಎಬ್ಬಿಸಿಬಿಟ್ಟರೆ ಶ್ರಮವೆಲ್ಲ ನೀರುಪಾಲು. ಸೊಮಾಲಿಯಾದ ಬೈದೋವಾದಲ್ಲಿ ಶಿಬಿರಗಳು ಬಹುಪಾಲು ಖಾಸಗಿ ನೆಲದಲ್ಲಿದ್ದು, ಒಕ್ಕಲೆಬ್ಬಿಸುವ ಭಯ ಸದಾ ಇತ್ತು. ಅದಕ್ಕೆಂದೇ ಅಲ್ಲಿ ಸರ್ಕಾರಿ ಜಮೀನಿನಲ್ಲಿ ಬರ್ವಾಕೊ ಎಂಬ ಬಡಾವಣೆ ಮಾಡಿ, ಅಂಥ ಕುಟುಂಬಗಳಿಗೆ ನಿವೇಶನ ಹಂಚಲಾಯಿತು.