ಹಸುವೂ ಕುಂಟುತ್ತಿದೆ, ಕುರಿಯೂ ಕುಂಟುತ್ತಿದೆ: ಎರಡಕ್ಕೂ ಗೊರಸು ಕೆತ್ತಿಸಬೇಕೇ?

ಪ್ರಶ್ನೆ: ನಮ್ಮಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳೂ ಇಪ್ಪತ್ತೈದು ಕುರಿಗಳೂ ಇವೆ. ಮಳೆ ಹಿಡಿದಾಗಿನಿಂದ ಒಂದು ಹಸು ಹಿಂಗಾಲನ್ನು ಸರಿಯಾಗಿ ಊರುತ್ತಿಲ್ಲ, ನಾಲ್ಕೈದು ಕುರಿಗಳು ಮುಂಗಾಲ ಮಂಡಿಯೂರಿ ಮೇಯುತ್ತಿವೆ. ಗೊರಸು ಕೆತ್ತಿಸಿ ಮೈಲುತುತ್ತದ ನೀರಿನಲ್ಲಿ ನಿಲ್ಲಿಸಿದರೆ ಎರಡಕ್ಕೂ ವಾಸಿಯಾಗುತ್ತದೆ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ಹಸುವಿನ ಮಟ್ಟಿಗೆ ಬಹುಪಾಲು ಸರಿ, ಕುರಿಯ ಮಟ್ಟಿಗೆ ತಪ್ಪು. ಹಸು ಕುಂಟುವುದು ಹೆಚ್ಚಾಗಿ ಗೊರಸಿನ ಮೇಲೆ ಬೀಳುವ ಭಾರದ ಏರುಪೇರಿನಿಂದ. ಆದ್ದರಿಂದ ಅಲ್ಲಿ ಕೆತ್ತುವುದೇ ಚಿಕಿತ್ಸೆ. ಮಳೆಗಾಲದಲ್ಲಿ ಕುರಿ ಕುಂಟುವುದು ಹೆಚ್ಚಾಗಿ ಗೊರಸಿನ ಸಂದಿಗೆ ಹೊಕ್ಕ ಸೋಂಕಿನಿಂದ. ಅಲ್ಲಿ ಕತ್ತಿ ಆಡಿಸಿದರೆ ಗಾಯ ದೊಡ್ಡದಾಗಿ, ಮಾಯುವುದು ತಡವಾಗುತ್ತದೆ.

ಆದರೆ ಕಾಲು ಎತ್ತುವ ಮೊದಲು ರಾಸಿನ ಬಾಯಿ, ತೊಡೆಗಳನ್ನು ನೋಡಿ. ಒಂದೆರಡು ದಿನದೊಳಗೆ ಹಲವು ರಾಸುಗಳು ಒಟ್ಟಿಗೆ ಕುಂಟತೊಡಗಿ, ಜ್ವರ ಬಂದು ಜೊಲ್ಲು ಸುರಿಸುತ್ತಿದ್ದರೆ ಕಾಲುಬಾಯಿ ಜ್ವರವೆಂದೇ ಎಣಿಸಿ ಅವುಗಳನ್ನು ಬೇರೆ ಕಟ್ಟಬೇಕು. ಕುರಿಯಲ್ಲಿ ಈ ರೋಗದ ಬಾಯಿಹುಣ್ಣು ಕಣ್ಣಿಗೆ ಬೀಳದಷ್ಟು ಚಿಕ್ಕದಿರಬಹುದು, ಕುಂಟುವುದೊಂದೇ ಲಕ್ಷಣವಾಗಿರಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದಕ್ಕೆ ಉಚಿತವಾಗಿ ಲಸಿಕೆ ಹಾಕುತ್ತಾರೆ, ತಪ್ಪಿಸಬೇಡಿ. ಮೈಕೈ ತುಂಬಿಕೊಂಡ ಎಳೆಯ ರಾಸು ಇದ್ದಕ್ಕಿದ್ದಂತೆ ಕುಂಟಿ, ತೊಡೆಯಲ್ಲೋ ಭುಜದಲ್ಲೋ ಎದ್ದ ಬಾವನ್ನು ಒತ್ತಿದಾಗ ಒಣಗಿದ ಎಲೆ ಹಿಸುಕಿದಂತೆ ಚರಚರ ಎಂದರೆ ಅದು ಚಪ್ಪೆ ರೋಗ. ಒಂದೆರಡು ದಿನದಲ್ಲಿ ಪ್ರಾಣ ತೆಗೆಯುವ ಈ ರೋಗದಲ್ಲಿ ಒಂದು ಗಂಟೆಯೂ ಕಾಯದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು. ಕುರಿಯ ಮೂತಿ ಊದಿಕೊಂಡು, ಗೊರಸು ಚರ್ಮಕ್ಕೆ ಕೂಡುವಲ್ಲಿ ಕೆಂಪು ಪಟ್ಟಿ ಕಂಡರೆ ನೀಲಿ ನಾಲಿಗೆ ರೋಗವನ್ನು ಶಂಕಿಸಿ. ಅದನ್ನು ಹರಡುವುದು ಕ್ಯುಲಿಕಾಯ್ಡಿಸ್ ಎಂಬ ಸಣ್ಣ ನೊಣ. ಕಾಲು ತೊಳೆಯುವುದರಿಂದ ಅದು ಹೋಗದು, ಮುಂಚಿತವಾಗಿ ಹಾಕಿಸಿದ ಲಸಿಕೆಯೇ ರಕ್ಷಣೆ.

ಇವು ಯಾವುವೂ ಅಲ್ಲವೆಂದು ಖಚಿತವಾದ ಮೇಲೆ ಹಸುವಿನ ಕಾಲಿಗೆ ಬನ್ನಿ. ಮಿಶ್ರತಳಿ ಹಸುಗಳಲ್ಲಿ ನೋವು ಬಹುಪಾಲು ಹಿಂಗಾಲಿನಲ್ಲೇ, ಅದರಲ್ಲೂ ಹೊರಗಡೆಯ ಗೊರಸಿನಲ್ಲೇ ಇರುತ್ತದೆ. ಕೆಚ್ಚಲು ತುಂಬಿದ ಹಸು ಕಾಲಗಲಿಸಿ ಸಿಮೆಂಟು ನೆಲದ ಮೇಲೆ ನಿಂತಾಗ ಹೊರಗೊರಸಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಭಾರ ಹೆಚ್ಚಿದಷ್ಟೂ ಅದು ಹೆಚ್ಚು ಬೆಳೆಯುತ್ತದೆ, ಬೆಳೆದಷ್ಟೂ ಇನ್ನಷ್ಟು ಭಾರ ಹೊರುತ್ತದೆ. ಒಳಗಿನ ಎಲುಬು ಅಂಗಾಲಿನ ಮೃದುವಾದ ಭಾಗವನ್ನು ಅರೆದು, ಹಿಮ್ಮಡಿಯ ಹತ್ತಿರ ಹುಣ್ಣಾಗುತ್ತದೆ. ಗೊರಸಿನ ಗೋಡೆ ಅಂಗಾಲಿಗೆ ಸೇರುವ ಬಿಳಿಗೆರೆ ಬಿಟ್ಟುಕೊಂಡು ಅದರೊಳಗೆ ಕಲ್ಲು, ಸಗಣಿ ಸೇರಿ ಕೀವಾಗುವುದೂ ಉಂಟು.

ಹಸುವನ್ನು ಗಟ್ಟಿಯಾಗಿ ಕಟ್ಟಿ, ಕಾಲನ್ನು ಹಗ್ಗದಿಂದ ಎತ್ತಿ, ಗೊರಸನ್ನು ಬ್ರಷ್ ಹಾಕಿ ಬೆಳ್ಳಗೆ ಕಾಣುವವರೆಗೆ ತೊಳೆಯಿರಿ. ತೊಳೆಯದೆ ಏನೂ ತಿಳಿಯುವುದಿಲ್ಲ. ಮೊಳೆ, ಮುಳ್ಳು ಇದೆಯೇ ನೋಡಿ. ಹೆಬ್ಬೆರಳಿನಿಂದ ಅಂಗಾಲನ್ನು ಅಂಗುಲ ಅಂಗುಲವಾಗಿ ಒತ್ತುತ್ತಾ ಹೋದರೆ ಒಂದು ಕಡೆ ಹಸು ತಟ್ಟನೆ ಕಾಲು ಸೆಳೆದುಕೊಳ್ಳುತ್ತದೆ, ನೋವಿರುವುದು ಅಲ್ಲಿ. ಅಲ್ಲಿ ಕಪ್ಪು ಚುಕ್ಕೆಯೋ ಗೆರೆಯೋ ಕಂಡರೆ, ತಿಳಿದವರು ಹರಿತವಾದ ಬಾಗುಕತ್ತಿಯಿಂದ ತೆಳ್ಳಗೆ ಕೆತ್ತುತ್ತಾ ಹೋದಾಗ ಬೂದುಬಣ್ಣದ ನೀರಾದ ಕೀವು ಚಿಮ್ಮುತ್ತದೆ, ಎಷ್ಟೋ ಸಲ ಹಸು ಅದೇ ಸಂಜೆ ಕಾಲೂರುತ್ತದೆ. ಎಚ್‌ಎಫ್ ಹಸುವಿನ ಗೊರಸಿನ ಮುಂಭಾಗ ಕೂದಲಂಚಿನಿಂದ ತುದಿಯವರೆಗೆ ಸುಮಾರು 7.5 ಸೆಂಟಿಮೀಟರ್ ಇರಬೇಕು, ನಾಟಿ ಹಸುವಿಗೂ ಜೆರ್ಸಿಗೂ ತುಸು ಕಡಿಮೆ. ಬೆರಳಿಗೆ ಅಂಗಾಲು ಮೆತ್ತಗೆ ತಗ್ಗಿದರೆ ಅತಿಯಾಗಿ ಕೆತ್ತಿದಂತೆ. ರಕ್ತ ಬರುವವರೆಗೆ ಕೆತ್ತಿದರೆ ಹೊಸ ಕುಂಟನ್ನೇ ತಂದುಕೊಂಡಂತಾಗುತ್ತದೆ. ಹುಣ್ಣಾಗಿದ್ದರೆ ಆರೋಗ್ಯವಾಗಿರುವ ಜೊತೆಗೊರಸಿಗೆ ಮರದ ಹಲ್ಲೆಯೊಂದನ್ನು ಅಂಟಿಸುತ್ತಾರೆ. ಆಗ ಭಾರವೆಲ್ಲ ಅದರ ಮೇಲೆ ಹೋಗಿ, ಹುಣ್ಣಾದ ಗೊರಸು ನೆಲ ಮುಟ್ಟದೆ ನಾಲ್ಕಾರು ವಾರದಲ್ಲಿ ಮಾಯುತ್ತದೆ. ಇದನ್ನು ನಮ್ಮಲ್ಲಿ ಇನ್ನೂ ಹೆಚ್ಚು ಜನ ಕಲಿಯಬೇಕು ಎಂಬುದು ನನ್ನ ಬಹುದಿನದ ಆಸೆ.

ಜೊತೆಗೆ ನೋವು ನಿವಾರಕ ಬೇಕು. ಇಲ್ಲೊಂದು ಮಾತು: ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲಿಯೂ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿಯೂ ನಿಷೇಧಿಸಲಾಗಿದೆ, ಏಕೆಂದರೆ ಆ ಮದ್ದು ಮೈಯಲ್ಲಿರುವ ದನ ಸತ್ತರೆ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಕೆಲವೇ ಹದ್ದುಗಳನ್ನು ನೆನೆದಾದರೂ ವೈದ್ಯರ ಬಳಿ ಅವಕ್ಕೆ ಹಾನಿ ಮಾಡದ ಮೆಲಾಕ್ಸಿಕ್ಯಾಂ ಕೇಳಿ ಪಡೆಯಿರಿ. ಕುಂಟುವ ರಾಸಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿಯನ್ನಂತೂ ಬಿಟ್ಟೇಬಿಡಬೇಕು. ಗೊರಸಿನಲ್ಲಿ ಕೀವಿರುವಾಗ ಸೊಂಟಕ್ಕೆ ಹಾಕಿದ ಬರೆ ಇನ್ನೊಂದು ನೋವನ್ನು ಸೇರಿಸುತ್ತದೆಯೇ ಹೊರತು ಮೊದಲಿನದನ್ನು ಕಳೆಯುವುದಿಲ್ಲ.

ಹುಣ್ಣು ಇಂದು ಕಂಡರೂ ಅದರ ಕಾರಣ ಎರಡು ತಿಂಗಳ ಹಿಂದಿನದಿರಬಹುದು. ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಒಳಗಾದ ಪೆಟ್ಟು ಹೊರಗೆ ಕಾಣಲು ಅಷ್ಟು ಕಾಲ ಬೇಕು. ಕರು ಹಾಕಿದ ಕೂಡಲೇ ಹಾಲು ಹೆಚ್ಚಲೆಂದು ಒಮ್ಮೆಲೇ ಹಿಂಡಿ ಏರಿಸಿದ್ದು, ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಇಟ್ಟದ್ದು ಹೊಟ್ಟೆಯಲ್ಲಿ ಹುಳಿಯಾಗಿ, ಗೊರಸಿನೊಳಗಿನ ರಕ್ತಸಂಚಾರವನ್ನು ಕೆಡಿಸುತ್ತದೆ. ಹಿಂಡಿಯನ್ನು ಎರಡು ಮೂರು ವಾರದಲ್ಲಿ ಹಂತಹಂತವಾಗಿ ಏರಿಸಿ, ಅದಕ್ಕೆ ಮೊದಲು ರಾಗಿ ಹುಲ್ಲು ಹಾಕಿ. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕು. ಗಂಜಲ ನಿಂತ ಒರಟು ನೆಲದಲ್ಲಿ ಅದು ಮಲಗುವುದಿಲ್ಲ, ನಿಂತೇ ಇರುತ್ತದೆ. ರಬ್ಬರ್ ಮ್ಯಾಟ್ ಹಾಸಿ ಒಣಗಿಸಿಡಿ, ಹಾಲು ಬತ್ತಿಸುವಾಗೊಮ್ಮೆ, ಕರು ಹಾಕಿದ ಎರಡು ಮೂರು ತಿಂಗಳಿಗೊಮ್ಮೆ ಗೊರಸು ನೋಡಿಸಿ.

ಇನ್ನು ಕುರಿ. ಮಂಡಿಯೂರಿದ ಕುರಿಯನ್ನು ಕೂರಿಸಿ ಸಂದನ್ನು ಬಿಡಿಸಿ ನೋಡಿ. ಚರ್ಮ ಕೆಂಪಾಗಿ ಒದ್ದೆಯಾಗಿದ್ದರೆ ರೋಗ ಇನ್ನೂ ಮೊದಲ ಹಂತದಲ್ಲಿದೆ. ಬೂದುಬಣ್ಣದ ಲೋಳೆ ಕೂಡಿ, ಗೊರಸು ಒಳಗಿನಿಂದ ಬಿಟ್ಟುಕೊಂಡು, ಒಮ್ಮೆ ಮೂಸಿದವರು ಮರೆಯಲಾರದ ಕೊಳೆತ ನಾತ ಬಂದರೆ ಅದು ಗೊರಸುಕೊಳೆ. ಇದಕ್ಕೆ ಕಾರಣವಾದ ಡೈಕೆಲೊಬ್ಯಾಕ್ಟರ್ ನೊಡೋಸಸ್ ಎಂಬ ಬ್ಯಾಕ್ಟೀರಿಯಾ ಕುರಿಯಿಂದ ಕುರಿಗೆ ಹಸಿ ನೆಲದ ಮೂಲಕ ದಾಟುತ್ತದೆ. ಕುಂಟುವ ಪ್ರತಿಯೊಂದು ಕುರಿಯೂ ಮಂದೆಗೆಲ್ಲ ರೋಗ ಹಂಚುತ್ತಿರುವುದರಿಂದ, ಕಂಡ ಮೂರು ದಿನದೊಳಗೆ ಬೇರೆ ಮಾಡಿ, ವೈದ್ಯರಿಂದ ಆಂಟಿಬಯಾಟಿಕ್ ಚುಚ್ಚುಮದ್ದು ಹಾಕಿಸಿ, ಸಂದಿಗೆ ಆಂಟಿಬಯಾಟಿಕ್ ಸ್ಪ್ರೇ ಹೊಡೆಯಿರಿ. ಬೆಳೆದ ಗೊರಸಿದ್ದರೆ ಪೂರ್ತಿ ಮಾಯ್ದ ಮೇಲೆ ಕತ್ತರಿಸಿದರಾಯಿತು.

ಮೈಲುತುತ್ತದಲ್ಲಿರುವುದು ತಾಮ್ರ. ಹಸು ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆದುಕೊಳ್ಳಲಾರದು. ತೊಟ್ಟಿಯ ನೀರು ಕುಡಿದರೆ ಅದು ಈಲಿಯಲ್ಲಿ (ಯಕೃತ್ತಿನಲ್ಲಿ) ಕೂಡಿ, ಮುಂದೊಂದು ದಿನ ರಕ್ತಕ್ಕೆ ಬಿಟ್ಟುಕೊಂಡು ಕುರಿ ಸಾಯುತ್ತದೆ. ಆದ್ದರಿಂದ 10 ಲೀಟರ್ ನೀರಿಗೆ 1 ಕಿಲೋ ಜಿಂಕ್ ಸಲ್ಫೇಟ್ ಕರಗಿಸಿ ತೊಟ್ಟಿಗೆ ತುಂಬಿ. ಮೊದಲು ಕುಡಿಯಲು ನೀರು ಕೊಟ್ಟು, ಕಾಲಿನ ಕೆಸರು ತೊಳೆದು, ಗೊರಸು ಮುಳುಗುವಂತೆ ಹದಿನೈದು ನಿಮಿಷ ನಿಲ್ಲಿಸಿ, ಆಮೇಲೆ ಒಂದು ಗಂಟೆ ಒಣನೆಲದಲ್ಲಿ ಬಿಡಿ.

ಸಂತೆಯಿಂದ ತಂದ ಕುರಿಯನ್ನು ನಾಲ್ಕು ವಾರ ಬೇರೆ ಇಟ್ಟು, ನಾಲ್ಕೂ ಕಾಲು ನೋಡಿದ ಮೇಲೆಯೇ ಮಂದೆಗೆ ಸೇರಿಸಿ. ಚಿಕಿತ್ಸೆಯಾದರೂ ಮತ್ತೆ ಮತ್ತೆ ಕುಂಟುವ ಕುರಿ ಎಷ್ಟೇ ಒಳ್ಳೆಯ ತಳಿಯದಾದರೂ ಅದನ್ನು ಇಟ್ಟುಕೊಳ್ಳಬೇಡಿ, ಅದರ ಮರಿಯನ್ನು ತಳಿಗೆ ಬಿಡಬೇಡಿ. ಸಾಕುವವರಿಗೆ ಮಾರಿದರೆ ರೋಗ ಇನ್ನೊಬ್ಬರ ಹಟ್ಟಿಗೆ ಹೋಗುತ್ತದೆ. ಮಾಂಸಕ್ಕೆ ಕೊಡುವುದಾದರೆ ಕೊನೆಯ ಚುಚ್ಚುಮದ್ದಿನ ನಂತರ ವೈದ್ಯರು ಹೇಳಿದಷ್ಟು ದಿನ ಕಳೆದಿರಬೇಕು.